ಬೆನ್ನ ಹಿಂದೆ ಕಟ್ಟಿದ ಕೈ

ಈ ಕಥೆ ಹೇಳಲು ನನಗಿಂತ ತಕ್ಕವರು ಇದ್ದರು. ಗರಡಿಯ ಅಡ್ಡಕಂಬಿಯ ಮೇಲೆ ಒಂದು ಸುತ್ತನ್ನೂ ನೆಟ್ಟಗೆ ಹಾಕಲಾರದ ನನ್ನಂಥವರು ಆಲ್ವಿನ್ ಬೋಲ್ಟೆಯ ಬಗ್ಗೆ ಬಾಯಿ ಬಿಡುವುದು ಅಧಿಕಪ್ರಸಂಗವೇ ಸರಿ. ಆದರೆ ತಕ್ಕವರೆಲ್ಲ ಒಬ್ಬೊಬ್ಬರಾಗಿ ತೀರಿಹೋದರು. ಉಳಿದವರು ಪದಕದ ಮಾತನ್ನಷ್ಟೇ ಆಡುತ್ತಾರೆ. ತಪ್ಪು ಕಂಡರೆ ಬಲ್ಲವರು ತಿದ್ದಲಿ, ಕ್ಷಮಿಸಲಿ. ನನಗೆ ಗೊತ್ತಿಲ್ಲದ ಕಡೆ ಗೊತ್ತಿಲ್ಲವೆಂದೇ ಹೇಳುತ್ತೇನೆ.

ಮಿಲ್ವಾಕೀ ಊರಿನ ಉತ್ತರಕ್ಕೆ, ಒಂದು ಗಾಳಿಗೆ ಚರ್ಮದ ಕಾರ್ಖಾನೆಗಳ ವಾಸನೆಯೂ ಇನ್ನೊಂದು ಗಾಳಿಗೆ ಬಿಯರ್ ಭಟ್ಟಿಗಳ ವಾಸನೆಯೂ ಬರುವ ಬೀದಿಯಲ್ಲಿ ಟರ್ನರ್ ಎಂಬ ನಮ್ಮ ಕಸರತ್ತಿನ ಸಂಘದ ಗರಡಿ ಇತ್ತು. ಅಜ್ಜಂದಿರು ಜರ್ಮನಿಯಿಂದ ಬರುವಾಗ ಹಾಡು, ಹುಳಿ ಎಲೆಕೋಸು ಇವುಗಳ ಜೊತೆಗೆ ಹೊತ್ತು ತಂದದ್ದು ಈ ಅಂಗಸಾಧನೆ. ಸಂಜೆ ಕೆಲಸ ಬಿಟ್ಟವರು ಮುಖ ತೊಳೆದು, ಬಿಳಿ ಬಟ್ಟೆ ತೊಟ್ಟು ಸಾಲಾಗಿ ನಿಲ್ಲುತ್ತಿದ್ದರು. ಒಳಗೆ ಬಂದಮೇಲೆ ಧಣಿಯಿಲ್ಲ, ಆಳಿಲ್ಲ, ಎಲ್ಲರೂ ಸೋದರರೇ.

ಆಲ್ವಿನ್ ಚರ್ಮದ ಕಾರ್ಖಾನೆಯಲ್ಲಿ ತೊಗಲಿನ ಕೂದಲು ತೆಗೆಯುವ ಕೆಲಸದಲ್ಲಿದ್ದ. ಸುಣ್ಣದ ತೊಟ್ಟಿಯಲ್ಲಿ ಅದ್ದಿ ಅದ್ದಿ ಅವನ ಅಂಗೈ ಹಲಗೆಯಂತಾಗಿತ್ತು. ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಸೇರಿಸಿ ಆಡುತ್ತಿದ್ದವನು ಅವನ ಗೆಳೆಯ ಎಮಿಲ್ ಹಾಸ್ಸೆ. ಅವನು ಬಿಯರಿನ ಪೀಪಾಯಿ ಕಟ್ಟುವವನು. ಎಳವೆಯಿಂದಲೂ ಒಬ್ಬ ಕಂಬಿಯ ಮೇಲೆ, ಇನ್ನೊಬ್ಬ ಕಂಬಿಯ ಕೆಳಗೆ. ಎಮಿಲ್‌ನ ತಂಗಿ ತೆಕ್ಲಾಳನ್ನು ಆಲ್ವಿನ್ ಮದುವೆಯಾದಾಗ, “ಇಷ್ಟು ವರ್ಷ ಇವನನ್ನ ನಾನು ಹಿಡ್ದೆ, ಇನ್ಮೇಲೆ ನೀನು ಹಿಡ್ಕೊ,” ಎಂದು ಎಮಿಲ್ ಇಗರ್ಜಿಯ ಬಾಗಿಲಲ್ಲೇ ಹೇಳಿದನಂತೆ.

ಕಂಬಿಯ ಕೆಳಗೆ ಎಂದರೇನೆಂದು ಹೇಳಬೇಕು. ಅಡ್ಡಕಂಬಿಯನ್ನು ಯಾರು ಹತ್ತಿದರೂ ಕೆಳಗೊಬ್ಬ ಕಾವಲು ನಿಲ್ಲುತ್ತಾನೆ; ಮೇಲಿನವನು ಜಾರಿದರೆ ಹಿಡಿಯುವುದು ಅವನ ಕೆಲಸ. ಹೊಸಬರಿಗಾದರೆ ಎರಡೂ ಕೈ ಎತ್ತಿಕೊಂಡೇ ಇರುತ್ತಾನೆ, ಮರದಿಂದ ಉದುರುವ ಹಣ್ಣಿಗೆ ಕಾದವನ ಹಾಗೆ. ಮುಂದಾಳಿಗೆ ಮಾತ್ರ ಆ ಕೈ ಬೇಡ. ಮುಂದಾಳು ಎಂದರೆ ತನ್ನ ತಂಡಕ್ಕೆ ಮೊದಲು ತಾನು ಮಾಡಿ ತೋರಿಸುವವನು. ಅವನು ಕಂಬಿ ಹಿಡಿದಾಗ ಕಾವಲಿನವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಾನೆ. ಈತನಿಗೆ ನನ್ನ ನೆರವು ಬೇಡ ಎಂದು ಊರೆದುರು ಸಾರುವ ಮರ್ಯಾದೆ ಅದು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ. ಮುಂದಾಳಾಗುವ ಪರೀಕ್ಷೆಯಲ್ಲೂ ಹಾಗೆಯೇ. ಮುಟ್ಟುವುದಿರಲಿ, ಕಾವಲಿನವನು ಬೆನ್ನ ಹಿಂದಿನ ಕೈ ಬಿಡಿಸಿ ಎತ್ತಿದರೆ ಸಾಕು, ಮೇಲಿದ್ದವನು ನಪಾಸು. ಆಗಲೇ ಮುಂದಾಳಾಗಿದ್ದವನಾದರೆ ಪಟ್ಟ ಬಿಟ್ಟು ಕೊನೆಯ ಸಾಲಿಗೆ ಹೋಗಬೇಕು. ಬೇರೆ ಊರಿನ ಸಂಘದವರು ಇದನ್ನು ಕೇಳಿ ನಗುತ್ತಿದ್ದರು. ನಾವು ನಗುತ್ತಿರಲಿಲ್ಲ.

ಆಲ್ವಿನ್ ಬೇಗ ಮುಂದಾಳಾದ. ಎಮಿಲ್ ಪರೀಕ್ಷೆಗೆ ನಿಂತದ್ದು ತಡವಾಗಿ. ಅಂದು ಕೆಳಗೆ ನಿಂತಿದ್ದವನು ಆಲ್ವಿನ್. ದೊಡ್ಡ ಸುತ್ತಿನ ನಡುವೆ ಎಮಿಲ್ ಹಿಡಿತ ಬದಲಿಸುವಾಗ ಅವನ ಮೈ ಒಂದಿಷ್ಟು ವಾಲಿತು. ಆಲ್ವಿನ್‌ನ ಕೈಗಳು ತಾವಾಗಿಯೇ ಮೇಲೆದ್ದವು. ಎಮಿಲ್ ಬೀಳಲಿಲ್ಲ. ಸುತ್ತು ಮುಗಿಸಿ, ಹಾರಿ, ಹಾಸಿನ ಮೇಲೆ ಕಂಬದ ಹಾಗೆ ನಿಂತ. ಗರಡಿಯ ಗುರು ಗುಂಡ್ಲಾಕ್ ಮಾಸ್ತರು ತಲೆಯಾಡಿಸಿ, “ಕೈ ಎದ್ದಿತು,” ಎಂದಷ್ಟೇ ಹೇಳಿದರು.

ಹೊರಗೆ ಮೆಟ್ಟಿಲ ಮೇಲೆ ಎಮಿಲ್ ಹಲ್ಲು ಕಡಿಯುತ್ತಿದ್ದ.

“ನಾನೇನು ಬೀಳ್ತಿದ್ನಾ?”

“ಬೀಳ್ತೀಯ ಅನ್ನಿಸ್ತು.”

“ಅನ್ನಿಸ್ತಂತೆ! ನಿಮ್ಮಜ್ಜಿಗೂ ಅನ್ನಿಸ್ತಿತ್ತು ಕಣೋ. ನಿನ್ನ ಬದಲು ಅವಳನ್ನೇ ಕರ್ಕೊಂಡ್ ಬಂದು ನಿಲ್ಲಿಸ್ಬೇಕಿತ್ತು.”

“ಮುಂದಿನ ಸಲ...”

“ಮುಂದಿನ ಸಲ ನೀನು ಕೈ ಎತ್ತಿದ್ರೆ, ಸತ್ರೂ ನಿನ್ನ ಮುಖ ನೋಡಲ್ಲ. ಮಾತು ಕೊಡು.”

ಆಲ್ವಿನ್ ಮಾತು ಕೊಟ್ಟ.

ಮರುವರ್ಷದ ಬೇಸಿಗೆಯಲ್ಲಿ ಸೇಂಟ್ ಲೂಯಿಸ್‌ನ ದೊಡ್ಡ ಮೇಳಕ್ಕೆ ನಮ್ಮ ಸಂಘದವರೂ ಹೋದರು. ಎಲ್ಲ ಊರಿನ ಟರ್ನರ್ ಸಂಘಗಳೂ ಸೇರುವ ಕೂಟ ಎಂದೇ ಹೋದವರು. ಅದಕ್ಕೆ ಒಲಿಂಪಿಕ್ ಎಂಬ ಹೆಸರೂ ಉಂಟು ಎಂದು ಅಲ್ಲಿಗೆ ಹೋದಮೇಲೆ ತಿಳಿಯಿತು. “ಒಲಿಂಪಿಕ್ಕೋ ಗಿಲಿಂಪಿಕ್ಕೋ, ಕುಡಿಯೋ ನೀರು ತಣ್ಣಗಿದ್ರೆ ಸಾಕು,” ಎಂದ ಎಮಿಲ್. ಬಿಸಿಲಿಗೆ ಕಂಬಿ ಕಾದು ಒಲೆಯ ಸರಳಿನಂತಾಗಿತ್ತು. ನೋಡಲು ಬಂದವರು ಕಡಿಮೆ, ಧೂಳು ಹೆಚ್ಚು. ಆಲ್ವಿನ್ ಕಂಬಿ ಹತ್ತಿದ. ಎಮಿಲ್ ಕೆಳಗೆ ಕೈ ಕಟ್ಟಿ, ಎದೆ ಉಬ್ಬಿಸಿ ನಿಂತ. ಇಳಿದ ಮೇಲೆ ತೀರ್ಪುಗಾರರು ತಲೆ ಹತ್ತಿರ ತಂದು ಮಾತಾಡಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಚಿನ್ನದ ಪದಕ ನಮ್ಮ ಆಲ್ವಿನ್‌ಗೆ ಎಂದಾಯಿತು. ಅಂದು ಅವನು ಮಗುವಿನ ಹಾಗೆ ನಕ್ಕನೆಂದು ನೋಡಿದವರು ಹೇಳುತ್ತಾರೆ. ಎಮಿಲ್ ಅವನನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿದ, ಇಬ್ಬರೂ ಮುಗ್ಗರಿಸಿ ಬಿದ್ದರು, ಬಿದ್ದಲ್ಲೇ ನಕ್ಕರು. ಆ ನಗುವನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಆಮೇಲೆ ಆಲ್ವಿನ್ ಹಾಗೆ ನಕ್ಕದ್ದನ್ನು ಕಂಡವರನ್ನು ನಾನು ಕಾಣೆ.

ಊರಿಗೆ ಮರಳಿದಾಗ ಬ್ಯಾಂಡು, ಮೆರವಣಿಗೆ, ಪೀಪಾಯಿಗಟ್ಟಲೆ ಬಿಯರು. ಶರತ್ಕಾಲದ ಪ್ರದರ್ಶನದ ದಿನವೇ ಎಮಿಲ್‌ನ ಪರೀಕ್ಷೆ ಎಂದು ಗುಂಡ್ಲಾಕ್ ಮಾಸ್ತರು ಗೊತ್ತುಮಾಡಿದರು. ಒಲಿಂಪಿಕ್ ಗೆದ್ದವನು ಕಾವಲು ನಿಲ್ಲುವುದೆಂದರೆ ಎಮಿಲ್‌ಗೂ ಹೆಮ್ಮೆ, ಗರಡಿಗೂ ಹೆಮ್ಮೆ. ಮೇಲಂತಸ್ತಿನ ಸುತ್ತುಮಾಳಿಗೆಯಲ್ಲೂ ಜನ ಕಿಕ್ಕಿರಿದಿದ್ದರು. ತೆಕ್ಲಾ ಮುಂದಿನ ಸಾಲಿನಲ್ಲಿದ್ದಳು.

“ಮಾತು ನೆನಪಿದೆಯಾ?” ಎಂದ ಎಮಿಲ್, ಅಂಗೈಗೆ ಬಿಳಿ ಪುಡಿ ತಿಕ್ಕಿಕೊಳ್ಳುತ್ತ.

“ಇದೆ.”

“ಅಜ್ಜಿ ಹ್ಯಾಗಿದಾಳೆ?”

“ಮನೇಲಿದಾಳೆ. ಬರಬೇಡ ಅಂದಿದೀನಿ.”

ಎಮಿಲ್ ನಗುತ್ತಲೇ ಕಂಬಿಗೆ ಹಾರಿದ. ಮೊದಲ ಸುತ್ತು ಚೆನ್ನಾಯಿತು. ಎರಡನೆಯದೂ. ಹಿಡಿತ ಬದಲಿಸಿ ಮತ್ತೆ ಮೇಲೇರುವಾಗ ಅವನ ಎಡಗೈಯ ಹೆಬ್ಬೆರಳು ಕಂಬಿಯಿಂದ ಬಿಚ್ಚಿಕೊಂಡದ್ದನ್ನು ಆಲ್ವಿನ್ ಕಂಡ. ಬೇರೆ ಯಾರಿಗೂ ಅದು ಕಾಣುವಂತಿರಲಿಲ್ಲ. ಕಂಡದ್ದಕ್ಕೂ ಕೈ ಜಾರಿದ್ದಕ್ಕೂ ನಡುವೆ ಒಂದು ಉಸಿರಿನಷ್ಟು ಹೊತ್ತು ಇತ್ತು. ಯಾವ ಊರಿನ, ಯಾವ ಕಸುಬಿನ ಮನುಷ್ಯನಾದರೂ ಕೈ ಚಾಚುತ್ತಿದ್ದ. ಆಲ್ವಿನ್‌ನ ಬೆರಳುಗಳು ಬೆನ್ನ ಹಿಂದೆ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡವು.

ಎಮಿಲ್ ಬೆನ್ನು ಅಡಿಯಾಗಿ ಬಿದ್ದ. ಸಾಯಲಿಲ್ಲ. ಸೊಂಟದಿಂದ ಕೆಳಗೆ ಮತ್ತೆ ಅಲ್ಲಾಡಲಿಲ್ಲ.

ಯಾರೂ ಆಲ್ವಿನ್‌ನನ್ನು ದೂರಲಿಲ್ಲ. ದೂರಿದ್ದರೆ ಏನಾಗುತ್ತಿತ್ತೋ. ವೈದ್ಯರ ಗಾಡಿ ಹೋದಮೇಲೆ ಗುಂಡ್ಲಾಕ್ ಮಾಸ್ತರು ಅವನ ಹೆಗಲ ಮೇಲೆ ಕೈಯಿಟ್ಟು, “ನೀನು ಸರಿಯಾಗೇ ನಿಂತಿದ್ದೆ, ಸೋದರ ಬೋಲ್ಟೆ. ಕೈ ಅಲ್ಲಾಡ್ಲಿಲ್ಲ,” ಎಂದರು. ಉಳಿದವರೂ ಅದನ್ನೇ ಹೇಳಿದರು. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಆಗಿಹೋಯಿತು, ಯಾರಿಗೆ ತಾನೇ ಗೊತ್ತಾಗುತ್ತಿತ್ತು ಎಂದರು. ಗೊತ್ತಾಗಿತ್ತು ಎಂಬ ಮಾತು ಆಲ್ವಿನ್‌ನ ಬಾಯಿಂದ ಬರಲಿಲ್ಲ. ಮನೆಗೆ ಹೋದ, ತೆಕ್ಲಾ ಅತ್ತಳು, ಅವನು ಅಳುವುದು ಹೇಗೆಂದು ನೆನಪು ಮಾಡಿಕೊಳ್ಳುವವನಂತೆ ಅವಳ ಪಕ್ಕದಲ್ಲಿ ಕೂತಿದ್ದ.

ಎಮಿಲ್‌ನನ್ನು ಆಲ್ವಿನ್‌ನ ಮನೆಗೇ ಕರೆತಂದರು. ಬೀದಿಯ ಕಡೆಯ ಕೋಣೆಯಲ್ಲಿ, ಕಿಟಕಿಯ ಪಕ್ಕ, ಗಾಲಿ ಕುರ್ಚಿ. ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಅವನು ಪೀಪಾಯಿಗಳ ಬಿರಡೆ ಕೆತ್ತುತ್ತಿದ್ದ. ತೋಳು ಮೊದಲಿಗಿಂತ ದಪ್ಪವಾದವು. ಬೀದಿಯಲ್ಲಿ ಹೋಗುವ ಯಾರನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. “ಏನಮ್ಮಾ ರೋಜಾಲಿಯಾ, ಟೋಪಿ ಹೊಸದು, ಗಂಡ ಹಳಬನೇನಾ?” ಎಂದು ಕೂಗುತ್ತಿದ್ದ. ಆ ಮನೆಯಲ್ಲಿ ನಗು ಎಂಬುದು ಬರುತ್ತಿದ್ದರೆ ಆ ಕಿಟಕಿಯಿಂದಲೇ.

ಆಲ್ವಿನ್‌ನ ಮೈಯಲ್ಲಿ ಏನೋ ನಿಂತುಹೋಗಿತ್ತು. ಚಳಿ ಎಂದರೆ ಚಳಿ ಎಂದು ತಿಳಿಯುತ್ತಿತ್ತು, ಆದರೆ ಅದು ಪಕ್ಕದ ಮನೆಯವರಿಗೆ ಆದ ಚಳಿಯ ಹಾಗೆ. ತಟ್ಟೆಗೆ ಬಡಿಸಿದ್ದನ್ನು ತಿನ್ನುತ್ತಿದ್ದ. ಸುಣ್ಣದ ತೊಟ್ಟಿಯಲ್ಲಿ ಕೈ ಸುಟ್ಟುಕೊಂಡು ಬಂದ ದಿನ ತೆಕ್ಲಾ ತೋರಿಸಿದ ಮೇಲೆಯೇ ನೋಡಿಕೊಂಡ.

“ನೀನು ಮನೇಲಿದೀಯೋ ಇಲ್ವೋ ಅಂತ ಬಾಗಿಲ ಹತ್ರ ಬೂಟು ನೋಡಿ ತಿಳ್ಕೋಬೇಕು,” ಎನ್ನುತ್ತಿದ್ದಳು ತೆಕ್ಲಾ.

“ಇದೀನಲ್ಲ.”

“ಬೂಟೂ ಹಾಗೇ ಹೇಳುತ್ತೆ.”

ವಿಚಿತ್ರವೆಂದರೆ, ಕಂಬಿಯ ಮೇಲೆ ಅವನು ಎಂದಿಗಿಂತ ಚೆನ್ನಾದ. ಹೆದರಿಕೆ ಹೋಗಿತ್ತು. ಹೆದರಿಕೆ ಹೋದ ದಾರಿಯಲ್ಲೇ ಮಿಕ್ಕದ್ದೂ ಹೋಗಿತ್ತೆಂದು ತೀರ್ಪುಗಾರರಿಗೆ ಹೇಗೆ ತಿಳಿಯಬೇಕು? ಸಿನ್ಸಿನಾಟಿಯಲ್ಲಿ ಗೆದ್ದ, ನ್ಯೂಆರ್ಕ್ ಊರಿನಲ್ಲಿ ಗೆದ್ದ. ಬೋಲ್ಟೆಯಷ್ಟು ನಿರಾತಂಕವಾಗಿ ಕಂಬಿ ಹಿಡಿಯುವವರಿಲ್ಲ ಎಂದು ಪತ್ರಿಕೆಗಳು ಬರೆದವು. ಷಿಕಾಗೋದ ನಾಟಕದ ಕಂಪನಿಯವನೊಬ್ಬ ಬಂದು, ರಂಗದ ಮೇಲೆ ಕಸರತ್ತು ಮಾಡು, ಚಿನ್ನದ ಬಣ್ಣದ ಬಟ್ಟೆ ಹೊಲಿಸುತ್ತೇನೆ ಎಂದ. ಆಲ್ವಿನ್ ಬೇಡವೆಂದ. ಯಾಕೆ ಎಂದು ತೆಕ್ಲಾ ಕೇಳಿದಾಗ, “ಭಾನುವಾರ ಎಮಿಲ್‌ಗೆ ಗಡ್ಡ ಹೆರೀಬೇಕಲ್ಲ,” ಎಂದನಂತೆ. ಪ್ರತಿ ಭಾನುವಾರ ಬೆಳಿಗ್ಗೆ ಅದೊಂದು ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಪ್ರತಿ ಭಾನುವಾರವೂ ಕತ್ತಿ ಮಸೆಯುವಾಗ, ನನಗೆ ಗೊತ್ತಾಗಿತ್ತು ಎಂಬ ಆ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು; ನೊರೆ ಒರೆಸುವಾಗ ಮತ್ತೆ ಒಳಗೆ ಹೋಗುತ್ತಿತ್ತು.

ಹೀಗೆಯೇ ವರ್ಷಗಳು ಕಳೆದವು. ಗರಡಿಯ ಐವತ್ತನೆಯ ವರ್ಷದ ಹಬ್ಬ ಬಂತು. ಮುದುಕರಾಗಿದ್ದ ಗುಂಡ್ಲಾಕ್ ಮಾಸ್ತರು ಕೋಲೂರಿಕೊಂಡು ಮನೆಗೆ ಬಂದರು.

“ಹಬ್ಬದ ದಿನ ನೀನೇ ಕಂಬಿ ಹತ್ತಬೇಕು, ಸೋದರ ಬೋಲ್ಟೆ. ಇಡೀ ಊರೇ ಬರುತ್ತೆ.”

“ಆಗಲಿ ಮಾಸ್ತರೇ.”

“ಕೆಳಗೆ ಯಾರು ನಿಲ್ತಾರೆ?” ಕಿಟಕಿಯ ಕಡೆಯಿಂದ ಎಮಿಲ್ ಕೇಳಿದ.

“ಯಾರಾದ್ರೂ ನಿಂತ್ರಾಯ್ತು. ಕಾವಲಿನವನನ್ನ ಆರಿಸ್ಕೊಳ್ಳೋದು ಮೇಲೆ ಹತ್ತೋನ ಹಕ್ಕು,” ಎಂದರು ಮಾಸ್ತರು.

“ಹಾಗಾದ್ರೆ ನಾನೇ. ಇವನಿಗೆ ಸೇಂಟ್ ಲೂಯಿಸ್‌ನಲ್ಲಿ ನಿಂತೋನು ನಾನಲ್ವಾ?”

ತೆಕ್ಲಾ ಕಾಫಿಯ ಪಾತ್ರೆ ಹಿಡಿದು ಹಾಗೇ ನಿಂತಳು. ಮಾಸ್ತರು, “ನಿಲ್ಲೋದು ಅಂದ್ರೆ, ಎಮಿಲ್...” ಎಂದರು.

“ಕೂತ್ಕೊಂಡೇ ನಿಲ್ತೀನಿ ಮಾಸ್ತರೇ. ಕೈ ಕಟ್ಟೋಕೆ ಕಾಲು ಯಾಕೆ ಬೇಕು?”

ಮಾಸ್ತರ ಕಣ್ಣು ತೇವವಾಯಿತು. ಎಂಥ ದೊಡ್ಡ ಮನಸ್ಸು ಎಂದರು. ಆಲ್ವಿನ್ ಬೇಡವೆನ್ನಲಿಲ್ಲ, ಅನ್ನಲು ಕಾರಣ ಹೇಳಬೇಕಾಗುತ್ತಿತ್ತು.

ಆದರೆ ಅವನ ಲೆಕ್ಕದಲ್ಲಿ ಅದು ಕೂಡದ ಕೆಲಸವಾಗಿತ್ತು. ತನ್ನನ್ನು ಹಿಡಿಯದೆ ಬಿಟ್ಟವನಿಗೆ ಎಮಿಲ್ ಏನೂ ತಿಳಿಯದೆ ಊರೆದುರು ಕೈ ಕಟ್ಟಿ ಮರ್ಯಾದೆ ಮಾಡುವುದು. ಆ ಮರ್ಯಾದೆ ತೆಗೆದುಕೊಂಡರೆ ಮತ್ತೆ ಹೇಳಲು ಬಾಯಿ ಇರುವುದಿಲ್ಲ. ಹೇಳಿದರೆ ಈ ಮನೆಯಲ್ಲಿ ಇರುವ ಒಂದು ಕಿಟಕಿಯೂ ಮುಚ್ಚಿಹೋದೀತು. ಹಬ್ಬಕ್ಕೆ ಮುಂಚಿನ ಭಾನುವಾರ, ಎಮಿಲ್‌ನ ಎಡಗೆನ್ನೆ ಹೆರೆದು ಮುಗಿಸಿ, ಗಂಟಲಿನ ಮೇಲೆ ಕತ್ತಿ ಇಟ್ಟಾಗ, ಮಾತು ತಾನಾಗಿ ಬಂತು.

“ಎಮಿಲ್, ನಿನ್ನ ಹೆಬ್ಬೆರಳು ಬಿಚ್ಚಿದ್ದು ನನಗೆ ಕಾಣಿಸಿತ್ತು.”

“ಯಾವ ಹೆಬ್ಬೆರಳು?”

“ಎಡಗೈದು. ಅವತ್ತು. ನೀನು ಬೀಳೋಕೆ ಮುಂಚೆ. ಹೊತ್ತಿತ್ತು. ಕೈ ಎತ್ತಬಹುದಿತ್ತು. ಎತ್ತಲಿಲ್ಲ.”

ಹೊರಗೆ ಯಾರದೋ ಗಾಡಿ ಹೋಯಿತು. ಎಮಿಲ್‌ನ ಗಂಟಲಿನ ಗಂಟು ಕತ್ತಿಯ ಕೆಳಗೆ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.

“ಕುತ್ತಿಗೆ ಮೇಲೆ ಕತ್ತಿ ಇಟ್ಕೊಂಡು ಹೇಳೋ ಮಾತೇನೋ ಇದು?”

ಆಲ್ವಿನ್ ಕತ್ತಿ ತೆಗೆದ.

“ಮುಗಿಸು, ಮುಗಿಸು. ಅರ್ಧ ಗಡ್ಡ ಇಟ್ಕೊಂಡು ಕಿಟಕೀಲಿ ಹ್ಯಾಗೆ ಕೂತ್ಕೊಳ್ಳಲಿ?”

ಆಲ್ವಿನ್ ಮುಗಿಸಿದ. ಎಮಿಲ್ ಬಟ್ಟೆ ಕಿತ್ತುಕೊಂಡು ತಾನೇ ಮುಖ ಒರೆಸಿಕೊಂಡ.

“ಹಬ್ಬಕ್ಕೆ ಬೇರೆ ಯಾರಾದ್ರೂ ನಿಲ್ಲಲಿ,” ಎಂದ ಆಲ್ವಿನ್.

“ಯಾಕೆ? ನನ್ನ ಮೇಲೆ ನಂಬಿಕೆ ಇಲ್ವಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ, “ತೆಕ್ಲಾ, ಕಾಫಿ ಇದೆಯಾ, ಇಲ್ಲ ಈ ಸಾಬೂನೇ ಕುಡೀಲಾ?” ಎಂದು ಕೂಗಿದ.

ಅಷ್ಟೇ. ಆ ವಾರವೆಲ್ಲ ಎಮಿಲ್ ಎಲ್ಲ ಮಾತನ್ನೂ ಆಡಿದ, ಅದೊಂದನ್ನು ಬಿಟ್ಟು. ಬೈಯಬಹುದೆಂದು ಆಲ್ವಿನ್ ಕಾದ. ಅಳಬಹುದೆಂದು ಕಾದ. ಹೇಳಿಯಾದ ಮೇಲೆ ತನಗಾದರೂ ಏನಾದರೂ ಆಗಬಹುದೆಂದು ಕಾದ. ಏನೂ ಆಗಲಿಲ್ಲ. ತೊಗಲುಗಳು ಬಂದವು, ಹೋದವು.

ಹಬ್ಬದ ದಿನ ಗರಡಿಯ ತುಂಬ ಓಕ್ ಎಲೆಯ ತೋರಣ. ಎಲ್ಲರೂ “ಗುಟ್ ಹೈಲ್” ಎಂಬ ಟರ್ನರ್ ಜಯಕಾರವನ್ನು ಒಂದೇ ಕೊರಳಲ್ಲಿ ಕೂಗಿದಾಗ ಕಿಟಕಿಯ ಗಾಜು ಅದುರಿತು. ನಾಲ್ವರು ಸೋದರರು ಎಮಿಲ್‌ನ ಕುರ್ಚಿಯನ್ನು ಮೆಟ್ಟಿಲು ಹತ್ತಿಸಿ ತಂದು ಕಂಬಿಯ ಪಕ್ಕ ಇಟ್ಟರು. ಅವನು ಬಿಳಿ ಅಂಗಿ ತೊಟ್ಟಿದ್ದ. ಎರಡೂ ತೋಳನ್ನು ಕುರ್ಚಿಯ ಬೆನ್ನಿನ ಹಿಂದಕ್ಕೆ ಚಾಚಿ ಕೈ ಕಟ್ಟಿದ. ಹೆಂಗಸರು ಕರವಸ್ತ್ರ ತೆಗೆದರು. ತೆಕ್ಲಾ ನೆಲ ನೋಡುತ್ತಿದ್ದಳು.

ಆಲ್ವಿನ್ ಕಂಬಿ ಹಿಡಿದ. ಒಂದು ತೂಗು, ಇನ್ನೊಂದು ತೂಗು, ದೊಡ್ಡ ಸುತ್ತು. ತಲೆಕೆಳಗಾಗಿ ನೆಟ್ಟಗೆ ನಿಂತ ಗಳಿಗೆಯಲ್ಲಿ ಕೆಳಗೆ ಎಮಿಲ್‌ನ ನೆತ್ತಿ, ಕಟ್ಟಿದ ತೋಳು ಕಂಡವು. ಸುತ್ತು ಬಂದು ಮತ್ತೆ ಮೇಲೇರಿದಾಗ ಎಮಿಲ್‌ನ ಮುಖ ಕಂಡಿತು, ಮೇಲಕ್ಕೆತ್ತಿದ್ದು. ಮುಖದ ಎರಡೂ ಪಕ್ಕದಲ್ಲಿ ಎರಡು ಅಂಗೈ.

ಆಲ್ವಿನ್‌ನ ಹಿಡಿತದಲ್ಲಿ ತಪ್ಪಿರಲಿಲ್ಲ. ಅಂದು ಅಲ್ಲಿದ್ದವರೆಲ್ಲ ಅದನ್ನು ಆಣೆ ಮಾಡಿ ಹೇಳುತ್ತಾರೆ. ಆದರೂ ಎಮಿಲ್ ಎರಡೂ ಕೈ ಎತ್ತಿದ್ದ, ಮೊದಲ ದಿನ ಕಂಬಿ ಮುಟ್ಟಿದ ಹೊಸಬನಿಗೆ ಎತ್ತುವ ಹಾಗೆ. ಗರಡಿಯಲ್ಲಿ ಗುಜುಗುಜು ಎದ್ದಿತು. “ಏಯ್, ಕೈ ಇಳಿಸೋ!” ಎಂದು ಸುತ್ತುಮಾಳಿಗೆಯಿಂದ ಯಾರೋ ಕೂಗಿದರು. ಯಾರೋ ನಕ್ಕರು. ಗುಂಡ್ಲಾಕ್ ಮಾಸ್ತರು ಕೋಲಿಲ್ಲದೆ ಎದ್ದು ನಿಂತಿದ್ದರು. ಎಮಿಲ್ ಕೈ ಇಳಿಸಲಿಲ್ಲ.

ಆಲ್ವಿನ್ ಮತ್ತೊಂದು ಸುತ್ತು ಬಂದ. ಕೈಗಳು ಅಲ್ಲೇ ಇದ್ದವು. ಹಾರಿ ದೂರ ಇಳಿದಿದ್ದರೆ ಪಟ್ಟ ಹೋದರೂ ಚಪ್ಪಾಳೆಯಾದರೂ ಉಳಿಯುತ್ತಿತ್ತು. ಅವನು ಹಾರಲಿಲ್ಲ. ತೂಗನ್ನು ಸಣ್ಣದು ಮಾಡುತ್ತ, ಮಾಡುತ್ತ, ನಿಲ್ಲಿಸಿದ. ತೋಳು ನೆಟ್ಟಗೆ ಬಿಟ್ಟು, ಒಣಹಾಕಿದ ಬಟ್ಟೆಯ ಹಾಗೆ ಸುಮ್ಮನೆ ಜೋತುಬಿದ್ದ. ಆಮೇಲೆ ಎಮಿಲ್‌ನ ಕಡೆಗೆ ವಾಲಿ, ಎರಡೂ ಕೈ ಬಿಟ್ಟ.

ಪೀಪಾಯಿ ಕಟ್ಟಿದ ಆ ಕೈಗಳು ಅವನ ಪಕ್ಕೆಗಳನ್ನು ಹಿಡಿದವು. ಕುರ್ಚಿ ಕಿರುಗುಟ್ಟಿ ಹಿಂದೆ ಸರಿಯಿತು, ಇಬ್ಬರೂ ಬೀಳಲಿಲ್ಲ.

“ಹಿಡ್ದೆ,” ಎಂದ ಎಮಿಲ್. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, “ಕೈ ಎದ್ದಿತು ಮಾಸ್ತರೇ. ನಿಯಮ ಅಂದ್ರೆ ನಿಯಮ,” ಎಂದ.

ಮಾಸ್ತರು ದಾರಿ ಹುಡುಕಿದರು. ಕುರ್ಚಿಯಲ್ಲಿ ಕೂತವನ ಕಾವಲು ಕಾವಲೇ ಅಲ್ಲ, ಆದ್ದರಿಂದ ಪಟ್ಟ ಹೋಗುವುದಿಲ್ಲ ಎಂದು ಹೇಳಿನೋಡಿದರು. ಆಲ್ವಿನ್ ಒಪ್ಪಲಿಲ್ಲ. “ಕೈ ಎದ್ದಿತು,” ಎಂದ. ಮರುವಾರದಿಂದ ಒಲಿಂಪಿಕ್ ಚಿನ್ನ ಗೆದ್ದವನು ಕೊನೆಯ ಸಾಲಿನಲ್ಲಿ, ರೊಟ್ಟಿ ಅಂಗಡಿಯವರ, ಗುಮಾಸ್ತರ ಹಿಂದೆ ನಿಂತು, ಮುಂದಾಳು ತೋರಿಸಿದ ಸಣ್ಣ ಸಣ್ಣ ಸಾಧನೆಗಳನ್ನು ಮಾಡುತ್ತಿದ್ದ. ಅವನು ಕಂಬಿ ಹಿಡಿದರೆ ಯಾರೋ ಒಬ್ಬ ಗುಮಾಸ್ತ ಸಂಕೋಚದಿಂದ ಕೈ ಎತ್ತಿ ನಿಲ್ಲುತ್ತಿದ್ದ. ಆಲ್ವಿನ್ ಮತ್ತೆ ಪರೀಕ್ಷೆಗೆ ಹೆಸರು ಕೊಡಲಿಲ್ಲ. ಪಕ್ಕೆಯಲ್ಲಿ ಎಮಿಲ್‌ನ ಹೆಬ್ಬೆರಳುಗಳ ಎರಡು ನೀಲಿ ಗುರುತು ಬಹಳ ದಿನ ಇದ್ದವೆಂದು ತೆಕ್ಲಾ ಹೇಳುತ್ತಿದ್ದಳು. ನೋಯುತ್ತದೆಯೇ ಎಂದು ಅವಳು ಕೇಳಿದ್ದಕ್ಕೆ, ಗೊತ್ತಿಲ್ಲ ಎಂದನಂತೆ.

ಎಮಿಲ್ ಯಾಕೆ ಕೈ ಎತ್ತಿದ ಎಂದು ಊರು ಬಹಳ ದಿನ ಮಾತಾಡಿತು. ಹೊಟ್ಟೆಕಿಚ್ಚು ಎಂದರು; ಭಾನುವಾರದ ಮಾತು ಗೊತ್ತಿಲ್ಲದವರು ಅದಕ್ಕಿಂತ ಹೆಚ್ಚೇನು ಅಂದಾರು? ತೆಕ್ಲಾ ಮಾತ್ರ, ಆ ಭಾನುವಾರ ಬಾಗಿಲ ಹಿಂದೆ ಕಾಫಿ ಹಿಡಿದು ಎಲ್ಲ ಕೇಳಿಸಿಕೊಂಡಿದ್ದವಳು, ಅದು ಸೇಡಲ್ಲ ಎನ್ನುತ್ತಿದ್ದಳು. ಮತ್ತೇನು ಎಂದು ಕೇಳಿದರೆ ಎದ್ದು ಕಾಫಿ ತರಲು ಹೋಗುತ್ತಿದ್ದಳು. ಎಮಿಲ್‌ನನ್ನೇ ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ. “ತೋಳು ಜೋಮು ಹಿಡ್ದಿತ್ತು.” “ನೊಣ ಓಡಿಸ್ತಿದ್ದೆ.” “ನಿನಗ್ಯಾಕೆ, ನೀನೇನು ಹತ್ತಿದ್ಯಾ?” ಆಲ್ವಿನ್ ಕೇಳಲೇ ಇಲ್ಲ. ಭಾನುವಾರ ಬೆಳಿಗ್ಗೆ ಮೊದಲಿನ ಹಾಗೆಯೇ ನೊರೆ ಕಲಸುತ್ತಿದ್ದ, ಕತ್ತಿ ಮಸೆಯುತ್ತಿದ್ದ.

ಎಮಿಲ್‌ನ ಮನಸ್ಸಿನಲ್ಲಿ ಏನಿತ್ತೆಂದು ನನಗೆ ತಿಳಿಯದು. ಅದಕ್ಕಿಂತ ಹೆಚ್ಚಾಗಿ ಕಾಡುವುದು ಇನ್ನೊಂದು. ಕಂಬಿಯಿಂದ ಎರಡೂ ಕೈ ಬಿಟ್ಟಾಗ, ಎಮಿಲ್ ಹಿಡಿಯುತ್ತಾನೆ ಎಂಬ ನಂಬಿಕೆ ಆಲ್ವಿನ್‌ಗೆ ಇತ್ತೋ, ಹಿಡಿಯದಿದ್ದರೂ ಆದೀತು ಎಂದಿತ್ತೋ. ಅದೂ ನನಗೆ ಗೊತ್ತಿಲ್ಲ. ಅವನಿಗೆ ಗೊತ್ತಿತ್ತೇ ಎಂದರೆ, ಅದನ್ನೂ ಹೇಳಲಾರೆ.